ಕೈ ತೊಳೆದ ನೀರಲ್ಲೇ ಫ್ಲಶ್ ಆಗುವ ಕಮೋಡ್ ಕೆಟ್ಟರೆ ಎಲ್ಲಿಂದ ನೋಡಬೇಕು

ಕಲಬುರಗಿಯ ನಮ್ಮ ಮನೆಯ ಬಾತ್‌ರೂಮ್ ನಾಲ್ಕು ಅಡಿ ಅಗಲ, ಐದು ಅಡಿ ಉದ್ದ. ಸ್ನಾನ ಅಲ್ಲೇ, ಕಮೋಡ್ ಅಲ್ಲೇ, ಬಕೆಟ್ ಇಡೋದೂ ಅಲ್ಲೇ. ವಾಶ್ ಬೇಸಿನ್‌ಗೆ ಜಾಗವೇ ಇರಲಿಲ್ಲ. ಅದಕ್ಕೇ ಟ್ಯಾಂಕಿನ ತಲೆಯ ಮೇಲೆಯೇ ಪುಟ್ಟ ಬೇಸಿನ್ ಇರುವ ಕಮೋಡ್ ಹಾಕಿಸಿದೆವು. ಜಪಾನಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ನಮ್ಮ ಕಡೆ ಈಗೀಗ ಸಣ್ಣ ಮನೆಗಳಲ್ಲಿ ಕಾಣುತ್ತಿದೆ.

ಹಾಕಿಸಿದ ಮೊದಲ ಬೇಸಿಗೆಯಲ್ಲೇ ಅದು ಸೋರಲು ಶುರುವಾಯಿತು. ನೋಡಲು ಬಂದ ಪ್ಲಂಬರ್ ಒಬ್ಬರು ಇಡೀ ಟ್ಯಾಂಕೇ ಬದಲಿಸಬೇಕು ಎಂದರು. ಕೊನೆಗೆ ನೋಡಿದರೆ ಕೆಟ್ಟಿದ್ದು ಒಂದು ರಬ್ಬರ್ ಉಂಗುರ, ಅದೂ ಕೆಟ್ಟಿರಲಿಲ್ಲ, ಮೇಲೆ ಬಿಳಿ ಗಸಿ ಕೂತಿತ್ತು ಅಷ್ಟೇ. ಒರೆಸಿ ಹಾಕಿದ ಮೇಲೆ ಸೋರೋದು ನಿಂತಿತು. ಆಮೇಲೆ ಅಕ್ಕಪಕ್ಕದವರ ಮನೆ, ಯಾದಗಿರಿಯಲ್ಲಿರುವ ತಂಗಿಯ ಮನೆ, ಬೀದರಿನ ಗೆಳೆಯನ ಮನೆ ಅಂತ ಇಂಥ ಕಮೋಡ್‌ಗಳನ್ನು ಬಿಚ್ಚಿ ನೋಡಿದ್ದೇನೆ. ನನಗೆ ಕಂಡದ್ದು ಇಷ್ಟು: ನಮ್ಮ ಭಾಗದಲ್ಲಿ ಇದು ಕೆಡೋದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು, ಬೋರಿನ ಸವಳು ನೀರು. ಇನ್ನೊಂದು, ಮಾಳಿಗೆಯ ಮೇಲಿನ ಟಾಕಿಯಿಂದ ಇಳಿಯುವ ನೀರಿಗೆ ಒತ್ತಡ ಸಾಲದು. ಕಮೋಡನ್ನೇ ಬದಲಿಸುವ ಮೊದಲು ಇವೆರಡನ್ನು ನೋಡಲೇಬೇಕು.

ಇದು ಕೆಲಸ ಮಾಡುವ ರೀತಿ

ಫ್ಲಶ್ ಒತ್ತಿದ ಮೇಲೆ ಟ್ಯಾಂಕ್ ಮತ್ತೆ ತುಂಬಬೇಕಲ್ವಾ, ಆ ನೀರು ಇಲ್ಲಿ ನೇರ ಟ್ಯಾಂಕಿಗೆ ಬೀಳುವುದಿಲ್ಲ. ಟ್ಯಾಂಕಿಗೆ ನೀರು ಬಿಟ್ಟು ನಿಲ್ಲಿಸುವ ಇನ್‌ಲೆಟ್ ವಾಲ್ವ್‌ನಿಂದ ಒಂದು ಸಣ್ಣ ಪೈಪ್ ಹಿಡಿದು ಮೇಲಿನ ನಳಕ್ಕೆ ಬರುತ್ತದೆ. ಅಲ್ಲಿ ನೀವು ಕೈ ತೊಳೆಯುತ್ತೀರಿ. ತೊಳೆದ ನೀರು ಬೇಸಿನ್ ತೂತಿನಿಂದ ಟ್ಯಾಂಕಿಗೆ ಇಳಿಯುತ್ತದೆ. ಮುಂದಿನ ಫ್ಲಶ್‌ಗೆ ಅದೇ ನೀರು. ಟ್ಯಾಂಕ್ ತುಂಬಿ, ನೀರಲ್ಲಿ ತೇಲುವ ಫ್ಲೋಟ್ ಮೇಲೆ ಬಂದಾಗ ನಳ ತಾನೇ ನಿಲ್ಲುತ್ತದೆ.

ಒಂದು ತಪ್ಪು ತಿಳುವಳಿಕೆ ಇದೆ, ಹೇಳಿಬಿಡುತ್ತೇನೆ. "ಕಮೋಡಿನ ನೀರಲ್ಲಿ ಕೈ ತೊಳೀಬೇಕಾ" ಅಂತ ನಮ್ಮ ಮನೆಗೆ ಬಂದವರು ಮುಖ ಸಿಂಡರಿಸಿದ್ದಾರೆ. ಹಾಗಲ್ಲ. ನಳದಲ್ಲಿ ಬರೋದು ಟಾಕಿಯ ಹೊಸ ನೀರು, ಅಡುಗೆಮನೆ ನಳದಲ್ಲಿ ಬರುವಂಥದ್ದೇ. ಬಳಸಿದ ನೀರು ಕೆಳಗೆ ಹೋಗುತ್ತದೆಯೇ ಹೊರತು ಮೇಲೆ ಬರುವುದಿಲ್ಲ. ನಳದ ಬಾಯಿಗೂ ಬೇಸಿನ್ನಿಗೂ ನಡುವೆ ಇರುವ ಖಾಲಿ ಜಾಗವೇ ಅದಕ್ಕೆ ಕಾವಲು. ಆ ನಳಕ್ಕೆ ಪೈಪ್ ಸಿಕ್ಕಿಸಿ ಬೇಸಿನ್ ನೀರಲ್ಲಿ ಮುಳುಗುವ ಹಾಗೆ ಮಾತ್ರ ಯಾವತ್ತೂ ಬಿಡಬೇಡಿ.

ಈ ಬರಹದಲ್ಲಿ ಟಾಕಿ ಅಂದರೆ ಮಾಳಿಗೆಯ ಮೇಲಿನದು, ಟ್ಯಾಂಕ್ ಅಂದರೆ ಕಮೋಡಿನದು. ಗೊಂದಲ ಬೇಡ.

ಮುಚ್ಚಳ ತೆಗೆಯುವ ಮೊದಲು

ಇಲ್ಲಿ ಮುಚ್ಚಳವೇ ಬೇಸಿನ್. ಪಿಂಗಾಣಿಯದಾದರೆ ಭಾರ ಇರುತ್ತದೆ, ಒದ್ದೆ ಕೈಯಲ್ಲಿ ಜಾರುತ್ತದೆ. ಒಬ್ಬರೇ ಎತ್ತಬೇಡಿ. ಮೊದಲು ಗೋಡೆಯ ಆಂಗಲ್ ಕಾಕ್, ಅಂದರೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸುವ ಸಣ್ಣ ಕಾಕ್, ಮುಚ್ಚಿ. ಮುಚ್ಚಳವನ್ನು ನಾಲ್ಕು ಬೆರಳು ಮೇಲೆತ್ತಿ ಹಿಡಿದು, ಒಳಗಿನ ನಳದ ಪೈಪನ್ನು ಬಿಡಿಸಿ, ಆಮೇಲೆ ಪೂರ್ತಿ ಎತ್ತಿ. ಮಡಿಸಿದ ಗೋಣಿಚೀಲದ ಮೇಲೆ ಹೊರಗೆ ಇಡಿ. ಪೈಪ್ ಬಿಡಿಸಿದ ಮೇಲೆ ನೀರು ಬಿಟ್ಟು ನೋಡಬೇಕಾದರೆ ಪೈಪಿನ ತುದಿಯನ್ನು ಟ್ಯಾಂಕಿನೊಳಗೆ ಇಳಿಬಿಡಿ, ಇಲ್ಲದಿದ್ದರೆ ನೀರು ಮುಖಕ್ಕೇ ಚಿಮ್ಮುತ್ತದೆ.

ಆಂಗಲ್ ಕಾಕ್ ತುಂಬಾ ದಿನ ತಿರುಗಿಸದೆ ಹಿಡಿದುಕೊಂಡಿದ್ದರೆ ಇಕ್ಕಳ ಹಾಕಿ ಒತ್ತಾಯ ಮಾಡಬೇಡಿ. ಅದು ಗೋಡೆಯೊಳಗೆ ಮುರಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಟಾಕಿಯ ಮುಖ್ಯ ವಾಲ್ವ್ ಮುಚ್ಚಿ ಕೆಲಸ ಮಾಡಿ.

ಯಾರೂ ಮುಟ್ಟದಿದ್ದರೂ ಮೇಲಿನ ನಳ ಹರಿಯುತ್ತಿದೆ

ಎಲ್ಲಕ್ಕಿಂತ ಜಾಸ್ತಿ ಬರುವ ತೊಂದರೆ ಇದು. ಎಲ್ಲಕ್ಕಿಂತ ಮೊದಲು ಸರಿ ಮಾಡಬೇಕಾದದ್ದೂ ಇದೇ. ಯಾಕೆ ಅಂದರೆ ಲೆಕ್ಕ ನೋಡಿ. ನಾಲ್ಕು ಜನ ದಿನಕ್ಕೆ ಐದೈದು ಸಲ ಕೈ ತೊಳೆದರು, ಪ್ರತಿ ಸಲ ಒಂದು ಲೀಟರ್ ಅಂದುಕೊಳ್ಳಿ. ಈ ಕಮೋಡಿನಿಂದ ಉಳಿಯುವ ನೀರು ದಿನಕ್ಕೆ 20 ಲೀಟರ್. ಈಗ ಸೋರಿಕೆಗೆ ಬನ್ನಿ. ಹತ್ತು ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿ ಸೋರಿದರೆ ಗಂಟೆಗೆ 1.2 ಲೀಟರ್, ದಿನಕ್ಕೆ ಸುಮಾರು 29 ಲೀಟರ್. ಉಳಿಸಿದ್ದಕ್ಕಿಂತ ಹೋದದ್ದೇ ಜಾಸ್ತಿ! ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ ಇದು ಎಷ್ಟು ನೋವಿನ ಮಾತು ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

ಒಂದು ಒಳ್ಳೆಯ ಸಂಗತಿ ಇದೆ. ಸಾದಾ ಕಮೋಡ್ ಒಳಗೊಳಗೇ ಸೋರಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಇದರಲ್ಲಿ ಸೋರಿಕೆ ಕಣ್ಣೆದುರು ನಳದಲ್ಲೇ ಕಾಣುತ್ತದೆ. ಹಾಗಾಗಿ ನಳ ಹೇಗೆ ಹರಿಯುತ್ತಿದೆ ಅನ್ನೋದನ್ನು ಮೊದಲು ನಿಂತು ನೋಡಿ.

ಒಂದೇ ಸಮನೆ ಹರಿಯುತ್ತಿದ್ದರೆ ಒಂದು ಅರ್ಥ. ಸುಮ್ಮನಿದ್ದು, ಇಪ್ಪತ್ತು ನಿಮಿಷಕ್ಕೋ ಗಂಟೆಗೋ ಒಮ್ಮೆ ತಾನೇ ಸ್ವಲ್ಪ ಹೊತ್ತು ಹರಿದು ನಿಂತರೆ ಇನ್ನೊಂದು ಅರ್ಥ.

ಬಿಚ್ಚುವ ಮೊದಲು ಫ್ಲಶ್ ಬಟನ್ ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇಂಥ ಕಮೋಡಿನಲ್ಲಿ ಮೇಲೆ ಬೇಸಿನ್ ಇರುವುದರಿಂದ ಬಟನ್ ಪಕ್ಕದಲ್ಲೋ ಮುಂದೆಯೋ ಇರುತ್ತದೆ, ಒಳಗೆ ಉದ್ದದ ಕಡ್ಡಿಯೋ ತಂತಿಯೋ ಇರುತ್ತದೆ. ಅದರ ಮೇಲೆ ಸೋಪಿನ ಗಸಿ ಬಿದ್ದು ಅಂಟಿಕೊಳ್ಳುತ್ತದೆ. ಬಟನ್ ಒತ್ತಿದರೆ ಪಟ್ಟನೆ ವಾಪಸ್ ಬರಬೇಕು. ಅರ್ಧಕ್ಕೆ ನಿಂತರೆ ಕೆಳಗಿನ ವಾಲ್ವ್ ಪೂರ್ತಿ ಕೂರುವುದಿಲ್ಲ, ನೀರು ಹೋಗುತ್ತಲೇ ಇರುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಅಡುಗೆ ಎಣ್ಣೆ ಹಾಕಬೇಡಿ, ಅದು ಅಂಟು ಕಟ್ಟುತ್ತದೆ.

ಬಟನ್ ಸರಿ ಇದ್ದರೆ ಮುಚ್ಚಳ ತೆಗೆದು, ನೀರು ಬಿಟ್ಟು, ಮಟ್ಟ ನೋಡಿ. ಒಳಗೆ, ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸಲು, ನೆಟ್ಟಗೆ ನಿಂತ ಓವರ್‌ಫ್ಲೋ ಪೈಪ್ ಇರುತ್ತದೆ. ನೀರು ಅದರ ಬಾಯಿ ಮುಟ್ಟಿ ಒಳಗೆ ಸುರಿಯುತ್ತಿದ್ದರೆ ತಪ್ಪು ಇನ್‌ಲೆಟ್ ವಾಲ್ವ್‌ನದು: ಟ್ಯಾಂಕ್ ತುಂಬಿದರೂ ಅದು ನಿಲ್ಲಿಸುತ್ತಿಲ್ಲ. ನೀರು ಆ ಬಾಯಿಗಿಂತ ಕೆಳಗೇ ಇದ್ದು, ನಳ ಮಾತ್ರ ಆಗಾಗ ಹರಿಯುತ್ತಿದ್ದರೆ ತಪ್ಪು ಕೆಳಗಿನ ಫ್ಲಶ್ ವಾಲ್ವ್ ಸೀಲಿನದು: ನೀರು ಗೊತ್ತಾಗದಂತೆ ಕಮೋಡಿಗೆ ಇಳಿಯುತ್ತಿದೆ.

ಅನುಮಾನ ಇದ್ದರೆ ಬಟ್ಟೆಗೆ ಹಾಕುವ ನೀಲಿ ತಗೊಳ್ಳಿ. ಟ್ಯಾಂಕ್ ತುಂಬಿದ ಮೇಲೆ ಐದಾರು ಹನಿ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ಬಿಡಿ. ಕಮೋಡಿನೊಳಗೆ ನೀಲಿ ಬಣ್ಣ ಬಂತು ಅಂದರೆ, ನೀರು ಮಟ್ಟ ಓವರ್‌ಫ್ಲೋ ಬಾಯಿಗೆ ಮುಟ್ಟಿಲ್ಲ ಅಂದರೆ, ಸೀಲ್ ಸೋರುತ್ತಿರುವುದು ಖಚಿತ.

ಸೀಲ್ ಸೋರಿಕೆಗೆ ನಮ್ಮಲ್ಲಿ ಒಂದು ವಿಶೇಷ ಕಾರಣ ಇದೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೇ ಅದಕ್ಕೆ. ಅಂಥ ನೆಲದ ಬೋರಿನ ನೀರು ಗಡಸು, ಮೇಲೆ ಸವಳು ನೀರು ಅಂದದ್ದು ಇದನ್ನೇ. ಗಡಸು ನೀರಿಗೆ ಸೋಪು ಸೇರಿದರೆ ನೊರೆ ಬರುವ ಬದಲು ಬಿಳಿ ಮೊಸರಿನ ಹಾಗೆ ಒಡೆಯುತ್ತದೆ, ಬಕೆಟ್ ಅಂಚಿಗೆ ಕಟ್ಟುತ್ತದಲ್ಲ, ಅದೇ. ಸಾದಾ ಕಮೋಡ್ ಟ್ಯಾಂಕಿಗೆ ಸೋಪು ಹೋಗುವುದೇ ಇಲ್ಲ. ಇದರಲ್ಲಿ ಪ್ರತಿ ಸಲ ಹೋಗುತ್ತದೆ. ಆ ಗಸಿ ನಿಧಾನಕ್ಕೆ ಇಳಿದು ಸೀಲಿನ ಮೇಲೆ ಕೂರುತ್ತದೆ.

ಪರಿಹಾರ: ಆಂಗಲ್ ಕಾಕ್ ಮುಚ್ಚಿ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ಫ್ಲಶ್ ವಾಲ್ವ್‌ನ ಮೇಲಿನ ಭಾಗ ಹಿಡಿದು ಸ್ವಲ್ಪ ತಿರುಗಿಸಿದರೆ ಹೆಚ್ಚಿನವು ಬಿಚ್ಚಿ ಬರುತ್ತವೆ. ಅಡಿಯಲ್ಲಿ ರಬ್ಬರ್ ಅಥವಾ ಸಿಲಿಕೋನ್ ಉಂಗುರ ಇರುತ್ತದೆ. ಅದನ್ನು ತೆಗೆದು ತೊಳೆಯಿರಿ. ಉಂಗುರ ಕೂರುವ ಅಂಚನ್ನು ಬೆರಳಿಂದ ಸವರಿ ನೋಡಿ, ಉರುಟು ಸಿಕ್ಕರೆ ಮೆತ್ತನೆ ಸ್ಪಂಜಿನಿಂದ ಉಜ್ಜಿ. ತಂತಿ ಬ್ರಶ್ ಬೇಡ, ಗೀರು ಬಿದ್ದರೆ ಮತ್ತೆ ಯಾವತ್ತೂ ಕೂರುವುದಿಲ್ಲ. ಉಂಗುರ ಉಬ್ಬಿದ್ದರೆ, ಬೆರಳಿಗೆ ಕಪ್ಪು ಬಣ್ಣ ಹತ್ತಿದರೆ ಹೊಸದು ಹಾಕಿ. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬಾಯಲ್ಲಿ ಅಳತೆ ಹೇಳಿದರೆ ಸರಿಯಾದದ್ದು ಸಿಗುವುದಿಲ್ಲ.

ಇನ್‌ಲೆಟ್ ವಾಲ್ವ್ ನಿಲ್ಲಿಸುತ್ತಿಲ್ಲವೆಂದರೆ ಮೊದಲು ಫ್ಲೋಟನ್ನು ಕೈಯಿಂದ ಮೇಲೆತ್ತಿ. ಎತ್ತಿದಾಗ ನಿಂತರೆ ವಾಲ್ವ್ ಸರಿಯೇ ಇದೆ, ಫ್ಲೋಟ್ ಮಟ್ಟ ಇಳಿಸಬೇಕು ಅಷ್ಟೇ. ನೀರು ಓವರ್‌ಫ್ಲೋ ಬಾಯಿಗಿಂತ ಎರಡು ಬೆರಳು ಕೆಳಗೆ ನಿಲ್ಲುವ ಹಾಗೆ ಸ್ಕ್ರೂ ತಿರುಗಿಸಿ. ಎತ್ತಿದರೂ ನಿಲ್ಲದಿದ್ದರೆ ಹೆಚ್ಚಾಗಿ ವಾಲ್ವ್ ತಲೆಯೊಳಗಿನ ಸಣ್ಣ ರಬ್ಬರ್ ಬಿಲ್ಲೆಯ ಕೆಳಗೆ ಮರಳು ಕೂತಿರುತ್ತದೆ. ಕಾಕ್ ಮುಚ್ಚಿ, ತಲೆ ಬಿಚ್ಚಿ, ಬಿಲ್ಲೆ ತೊಳೆಯಿರಿ. ಬಿಚ್ಚಿದ ಬಾಯಿಯ ಮೇಲೆ ಮಗ್ ಬೋರಲು ಹಿಡಿದು ಕಾಕನ್ನು ಒಂದು ಕ್ಷಣ ತೆರೆದು ಮುಚ್ಚಿದರೆ ಒಳಗಿನ ಮರಳು ಹೊರಬರುತ್ತದೆ.

ಇಷ್ಟು ಮಾಡಿದರೂ ಸೋರಿದರೆ ಇನ್ನೊಂದು ಪರೀಕ್ಷೆ. ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ರಾತ್ರಿಯಿಡೀ ಬಿಡಿ. ನೀರು ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಂತಿದ್ದರೆ, ಆ ಎತ್ತರದಲ್ಲಿ ಟ್ಯಾಂಕಿಗೋ ಓವರ್‌ಫ್ಲೋ ಪೈಪಿಗೋ ಬಿರುಕಿರಬಹುದು. ಟ್ಯಾಂಕಿನಲ್ಲೇ ಬಿರುಕು ಸಿಕ್ಕರೆ ಅಲ್ಲಿಗೆ ಕೈಬಿಡಿ, ಟ್ಯಾಂಕ್ ಬದಲಿಸಲೇಬೇಕು. ಪಿಂಗಾಣಿಗೆ ಹಚ್ಚಿದ ಅಂಟು ನಂಬಿಕೆಗೆ ಅರ್ಹವಲ್ಲ.

ನಳದಲ್ಲಿ ನೀರು ಎಳೆಯಂತೆ ಬರುತ್ತದೆ, ಅಥವಾ ಬರುವುದೇ ಇಲ್ಲ

ಫ್ಲಶ್ ಮಾಡದೆ ನಳದಲ್ಲಿ ನೀರು ಬರಲಿಲ್ಲ ಎಂದರೆ ಅದು ದೋಷವಲ್ಲ. ಈ ಕಮೋಡಿನ ಗುಣವೇ ಅದು. ಮನೆಗೆ ಬಂದ ನೆಂಟರಿಗೆ ಹೇಳಿಕೊಡಿ, ಇಲ್ಲದಿದ್ದರೆ ನಳ ತಿರುಗಿಸಲು ಹೋಗಿ ಮುರಿಯುತ್ತಾರೆ.

ಫ್ಲಶ್ ಆದ ಮೇಲೂ ಬರಲಿಲ್ಲವೆಂದರೆ ಟಾಕಿಯಲ್ಲಿ ನೀರಿದೆಯಾ ನೋಡಿ. ಸ್ನಾನದ ನಳ ತೆರೆದು ನೋಡಿ. ಅಲ್ಲೂ ಇಲ್ಲವೆಂದರೆ ಕಮೋಡಿನ ತಪ್ಪಲ್ಲ. ಟಾಕಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ದಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಇದು ಮಾಮೂಲು. ಕೆಳಗಿನ ನಳಗಳನ್ನೆಲ್ಲ ಒಟ್ಟಿಗೆ ಪೂರ್ತಿ ತೆರೆದು ಬಿಡಿ, ನೀರು ಬಕೆಟ್ಟಿಗೆ ಹಿಡಿಯಿರಿ. ಉಗುಳಿ ಉಗುಳಿ ಬಂದು ಆಮೇಲೆ ಸರಿಹೋಗುತ್ತದೆ.

ಸ್ನಾನದ ನಳ ಚೆನ್ನಾಗಿ ಬರುತ್ತಿದ್ದು ಇದು ಮಾತ್ರ ಸಣ್ಣಗಿದ್ದರೆ ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ಆಮೇಲೆ ನಳದ ತುದಿಯ ಜಾಲರಿ. ಸವಳು ನೀರಿನಲ್ಲಿ ಅದು ಬಿಳಿ ಕಲ್ಲಿನಂತೆ ಕಟ್ಟುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು ಸಿಗುತ್ತದೆ. ಎರಡು ಚಮಚವನ್ನು ಒಂದು ಲೀಟರ್ ಬಿಸಿನೀರಿಗೆ ಹಾಕಿ ಜಾಲರಿಯನ್ನು ಒಂದು ಗಂಟೆ ನೆನೆಸಿಡಿ. ಈ ಕೆಲಸ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿ, ನೆಲದ ಮೇಲೆ ಚೆಲ್ಲಬೇಡಿ. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಅದೂ ಸುಣ್ಣದ ಕಲ್ಲೇ. ಹುಳಿ ಬಿದ್ದಲ್ಲಿ ಹೊಳಪು ಹೋಗಿ ತೇಪೆ ಬೀಳುತ್ತದೆ. ಕಮೋಡ್ ತೊಳೆಯುವ ಆಸಿಡ್ ಬಿದ್ದರಂತೂ ನೊರೆಯೆದ್ದು ಕಲ್ಲನ್ನೇ ತಿನ್ನುತ್ತದೆ.

ಜಾಲರಿ ಸರಿ ಇದ್ದರೆ ಕನೆಕ್ಷನ್ ಪೈಪ್ ಟ್ಯಾಂಕಿಗೆ ಸೇರುವಲ್ಲಿ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತದೆ, ಅದನ್ನು ತೆಗೆದು ತೊಳೆಯಿರಿ. ತುಂಬಾ ದಿನದ ಮೇಲೆ ನೀರು ಬಿಟ್ಟಾಗ ಮೊದಲು ಬರುವ ಕೆಂಪು ನೀರು ಇಲ್ಲೇ ಮಣ್ಣು ಬಿಟ್ಟು ಹೋಗುತ್ತದೆ. ಫಿಲ್ಟರ್ ಕಿರಿಕಿರಿ ಎಂದು ಕಿತ್ತು ಬಿಸಾಡುವವರಿದ್ದಾರೆ. ದಯವಿಟ್ಟು ಬೇಡ. ಅಲ್ಲಿ ತಡೆಯದ ಮರಳು ವಾಲ್ವ್ ಬಿಲ್ಲೆಯ ಕೆಳಗೆ ಹೋಗಿ ಕೂರುತ್ತದೆ, ಆಗ ಮೇಲೆ ಹೇಳಿದ, ನಳ ನಿಲ್ಲದ ತೊಂದರೆ ಶುರು.

ಎಲ್ಲ ತೊಳೆದರೂ ಎಳೆಯಂತೆಯೇ ಬಂದರೆ ಒತ್ತಡದ ಮಾತು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮೇಲಿನ ಮಹಡಿಯ ಬಾತ್‌ರೂಮಿನಲ್ಲಿ ನಳದಿಂದ ಟಾಕಿಯ ತಳಕ್ಕೆ ಎರಡು ಮೀಟರ್ ಇದ್ದರೆ ನಿಮಗೆ ಸಿಗೋದು 0.2 ಬಾರ್ ಮಾತ್ರ. ಹೆಚ್ಚು ಒತ್ತಡಕ್ಕೆ ಮಾಡಿದ ವಾಲ್ವ್‌ಗೆ ಅದು ಸಾಲುವುದಿಲ್ಲ. ಒಂದು ಲೀಟರ್ ಬಾಟಲಿ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 20 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 3 ಲೀಟರ್, 6 ಲೀಟರ್ ಟ್ಯಾಂಕ್ ಎರಡು ನಿಮಿಷಕ್ಕೆ ತುಂಬುತ್ತದೆ, ಚೆನ್ನಾಗಿದೆ. ಒಂದು ನಿಮಿಷ ಮೀರಿದರೆ ಕೈ ತೊಳೆಯೋದೂ ಕಷ್ಟ, ಟ್ಯಾಂಕ್ ತುಂಬಲು ಆರೇಳು ನಿಮಿಷ ಕಾಯಬೇಕು.

ಇದಕ್ಕೆ ಅಗ್ಗದ ದಾರಿ ಮೊದಲು. ಕೆಲವು ವಾಲ್ವ್‌ಗಳ ಬಾಯಲ್ಲಿ ನೀರಿನ ವೇಗ ತಗ್ಗಿಸುವ ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಟಾಕಿ ನೀರಿಗೆ ಅದು ಬೇಡ, ತೆಗೆಯಬಹುದು. ಇಲ್ಲದಿದ್ದರೆ ಕಡಿಮೆ ಒತ್ತಡಕ್ಕೆ ಹೊಂದುವ ವಾಲ್ವ್ ಕೊಡಿ ಎಂದು ಕೇಳಿ ಹಾಕಿಸಿ. ಪಂಪ್ ಹಾಕಿಸೋದು ಕೊನೆಯ ದಾರಿ. ಒಂದು ಸಣ್ಣ ನಳಕ್ಕೋಸ್ಕರ ಪಂಪ್, ಅದಕ್ಕೆ ಕರೆಂಟ್, ಅದರ ರಿಪೇರಿ, ನನಗಂತೂ ಸರಿ ಕಾಣುವುದಿಲ್ಲ. ಟಾಕಿಯನ್ನು ಒಂದು ಮೀಟರ್ ಎತ್ತರದ ಕಟ್ಟೆ ಮೇಲೆ ಇಡಿಸಿದರೆ ಮನೆಯ ಎಲ್ಲ ನಳಕ್ಕೂ ಒಳ್ಳೆಯದಾಗುತ್ತದೆ, ಆದರೆ ಮಾಳಿಗೆ ಆ ಭಾರ ತಡೆಯುತ್ತದಾ ಎಂದು ಇಂಜಿನಿಯರ್ ಹತ್ತಿರ ಕೇಳಿ. ಸಾವಿರ ಲೀಟರ್ ನೀರು ಅಂದರೆ ಸಾವಿರ ಕಿಲೋ.

ಇನ್ನು ಮೇ ತಿಂಗಳ ಮಧ್ಯಾಹ್ನ ನಳದ ನೀರು ಕೈ ಸುಡುತ್ತದೆ ಎಂದು ಗಾಬರಿ ಬೇಡ, ಬಿಸಿಲಿಗೆ ಕಾದ ಪೈಪಿನ ನೀರು ಅದು. ಸ್ವಲ್ಪ ಹೊತ್ತು ಬಿಟ್ಟು ಕೈ ಒಡ್ಡಿ. ಸಾದಾ ಬೇಸಿನ್ನಿನಲ್ಲಿ ಆ ನೀರು ಗಟಾರಕ್ಕೆ ಹೋಗುತ್ತಿತ್ತು, ಇಲ್ಲಿ ಟ್ಯಾಂಕಿಗೇ ಬೀಳುತ್ತದೆ.

ಬೇಸಿನ್ನಿನಲ್ಲಿ ನೀರು ನಿಂತು ಹೊರಗೆ ಚೆಲ್ಲುತ್ತದೆ

ಬೇಸಿನ್ ತೂತಿಗೆ ಗಸಿ ಕಟ್ಟಿದೆ. ಕೂದಲು, ಹಲ್ಲುಜ್ಜಿದ ಪೇಸ್ಟ್, ಅಡಿಕೆ ಚೂರು ಎಲ್ಲ ಇದಕ್ಕೆ ಸೇರುತ್ತವೆ. ಕೈಯಿಂದ ತೆಗೆದು, ಹಳೆ ಟೂತ್‌ಬ್ರಶ್‌ನಿಂದ ತಿಕ್ಕಿ ಬಿಸಿನೀರು ಹಾಕಿ, ಕುದಿಯುವ ನೀರು ಮಾತ್ರ ಬೇಡ. ಡ್ರೈನ್ ಕ್ಲೀನರ್ ಪುಡಿ ಇದಕ್ಕೆ ಹಾಕಲೇಬೇಡಿ. ಅದು ಗಟಾರಕ್ಕೆ ಹೋಗುವುದಿಲ್ಲ, ಟ್ಯಾಂಕಿನಲ್ಲೇ ನಿಂತು ರಬ್ಬರ್ ತಿನ್ನುತ್ತದೆ, ಮುಂದೆ ಮುಚ್ಚಳ ತೆಗೆದವರ ಕೈ ಸುಡುತ್ತದೆ.

ಮತ್ತೆ ಮತ್ತೆ ಕಟ್ಟುತ್ತಿದ್ದರೆ ಸೋಪಿನ ಬಿಲ್ಲೆ ಬಿಟ್ಟು ದ್ರವದ ಹ್ಯಾಂಡ್‌ವಾಶ್ ಬಳಸಿ, ಅದರಲ್ಲಿ ಹೆಚ್ಚಿನವು ಗಡಸು ನೀರಿಗೆ ಅಷ್ಟು ಒಡೆಯುವುದಿಲ್ಲ. ನಮ್ಮ ಮನೆಯಲ್ಲಿ ಇದೊಂದೇ ಬದಲಾವಣೆಯಿಂದ ತಿಂಗಳಿಗೊಮ್ಮೆ ಇದ್ದ ಕೆಲಸ ವರ್ಷಕ್ಕೆರಡು ಸಲಕ್ಕೆ ಇಳಿಯಿತು. ಪಾನ್, ಗುಟ್ಕಾ ಉಗುಳಲು, ತಟ್ಟೆ ತೊಳೆಯಲು ಈ ಬೇಸಿನ್ ಅಲ್ಲವೇ ಅಲ್ಲ.

ವಾಸನೆ ಬರುತ್ತದೆ

ಎಲ್ಲಿಂದ ಬರುತ್ತದೆ ಅನ್ನೋದು ಮುಖ್ಯ. ಮೂಗು ಬೇಸಿನ್ ತೂತಿನ ಹತ್ತಿರ ತನ್ನಿ. ಅಲ್ಲಿ ಕೊಳೆತ ಸೋಪಿನ ವಾಸನೆ ಬಂದರೆ ಅದು ಟ್ಯಾಂಕಿನಲ್ಲಿ ನಿಂತ ನೀರು. ಟ್ಯಾಂಕ್ ಮೇಲಿನ ಬೇಸಿನ್ನಿಗೂ ಗಟಾರಕ್ಕೂ ನೇರ ಸಂಬಂಧವೇ ಇಲ್ಲ, ಹಾಗಾಗಿ ಪೈಪ್ ಅಗೆಯುವ ಮಾತು ಯಾರಾದರೂ ಹೇಳಿದರೆ ಒಪ್ಪಬೇಡಿ. ಟ್ಯಾಂಕ್ ಖಾಲಿ ಮಾಡಿ ಗೋಡೆಗಳಿಗೆ ಅಂಟಿದ ಲೋಳೆಯನ್ನು ಸ್ಪಂಜಿನಿಂದ ತೆಗೆಯಿರಿ, ಎರಡು ಮೂರು ಸಲ ಫ್ಲಶ್ ಮಾಡಿ. ದಿನಾ ಬಳಸುವ ಮನೆಯಲ್ಲಿ ಈ ವಾಸನೆ ಅಪರೂಪ, ನೀರು ಹೊಸದಾಗುತ್ತಲೇ ಇರುತ್ತದೆ.

ಕಮೋಡಿನಿಂದಲೋ ನೆಲದ ನೀರು ಹೋಗುವ ನಹಣಿ ಟ್ರ್ಯಾಪಿನಿಂದಲೋ ಗಟಾರದ ವಾಸನೆ ಬಂದರೆ ಬೇರೆ ವಿಷಯ. ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಹೋಗಿ ಬಂದಿದ್ದೀರಾ? ಗಟಾರದ ವಾಸನೆ ತಡೆಯುವ ಟ್ರ್ಯಾಪಿನ ನೀರು ನಮ್ಮ ಬಿಸಿಲಿಗೆ ಆರಿರುತ್ತದೆ. ಒಂದು ತಂಬಿಗೆ ನೀರು ಹಾಕಿದರೆ ಮುಗಿಯಿತು. ಹೋಗುವ ಮೊದಲೇ ನಹಣಿ ಟ್ರ್ಯಾಪಿಗೆ ನೀರು ಹಾಕಿ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ವಾರಕ್ಕಿಂತ ಜಾಸ್ತಿ ಹೋಗುವುದಾದರೆ ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ಟ್ಯಾಂಕ್ ಖಾಲಿ ಬಿಟ್ಟು ಹೋಗಿ. ಬೇಸಿನ್ ತೂತಿನಿಂದ ಸೊಳ್ಳೆ ಒಳಗೆ ಹೋಗಬಹುದು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು.

ವಾಸನೆಗೆಂದು ಟ್ಯಾಂಕಿಗೆ ಬ್ಲೀಚಿಂಗ್ ಗುಳಿಗೆ ಹಾಕಿಡಬೇಡಿ, ಸೀಲಿನ ರಬ್ಬರ್ ಹಾಳಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಬ್ಲೀಚಿಂಗ್ ಪುಡಿಗೆ ಕಮೋಡ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ನಾಲ್ಕು ಅಡಿಯ ಬಾತ್‌ರೂಮಿನಲ್ಲಿ ಅದು ಕ್ಷಣದಲ್ಲಿ ತುಂಬುತ್ತದೆ. ನಿಂಬೆ ಉಪ್ಪು, ವಿನಿಗರ್ ಜೊತೆಗೂ ಬ್ಲೀಚ್ ಸೇರಿಸಬಾರದು. ಅಕಸ್ಮಾತ್ ಸೇರಿ ಗಂಟಲು, ಕಣ್ಣು ಉರಿದರೆ ತೊಳೆಯುತ್ತಾ ನಿಲ್ಲಬೇಡಿ. ತಕ್ಷಣ ಹೊರಗೆ ಬನ್ನಿ, ಬಾಗಿಲು ಕಿಟಕಿ ತೆರೆದು ಬಿಡಿ. ಕೆಮ್ಮು, ಉಸಿರಾಟದ ಕಷ್ಟ ಇದ್ದರೆ 108ಕ್ಕೆ ಕರೆ ಮಾಡಿ.

ಫ್ಲಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ

ಒಂದು ಬಕೆಟ್ ನೀರನ್ನು ಕಮೋಡಿಗೆ ಒಂದೇ ಸಲ ಸುರಿಯಿರಿ. ಸೊಯ್ಯೆಂದು ಹೋದರೆ ಗಟಾರದ ದಾರಿ ಸರಿ ಇದೆ, ತಪ್ಪು ಟ್ಯಾಂಕಿನದು. ನೀರು ಏರಿ ನಿಧಾನಕ್ಕೆ ಇಳಿದರೆ ದಾರಿ ಕಟ್ಟಿದೆ. ಏರುತ್ತಲೇ ಇದ್ದರೆ ಸುರಿಯೋದು ನಿಲ್ಲಿಸಿ.

ಟ್ಯಾಂಕಿನದಾದರೆ ನೀರಿನ ಮಟ್ಟ ನೋಡಿ, ಫ್ಲೋಟ್ ತೀರಾ ಕೆಳಗಿದ್ದರೆ ಏರಿಸಿ. ನೀರು ಉಳಿಸಲೆಂದು ಯಾರಾದರೂ ಟ್ಯಾಂಕಿನೊಳಗೆ ಇಟ್ಟಿಗೆ ಇಟ್ಟಿದ್ದಾರಾ ನೋಡಿ. ಇಟ್ಟಿಗೆ ಕರಗಿ ಪುಡಿ ಸೀಲಿಗೆ ಸೇರುತ್ತದೆ, ಅರ್ಧ ಫ್ಲಶ್ ಆಗಿ ಎರಡು ಸಲ ಒತ್ತಬೇಕಾಗುತ್ತದೆ, ಉಳಿತಾಯವೇ ಇಲ್ಲ. ಹಳೆಯ 10 ಲೀಟರಿನ ಕಮೋಡಿಗೆ ಹೊಸ 6 ಲೀಟರಿನ ಬೇಸಿನ್ ಟ್ಯಾಂಕ್ ಕೂರಿಸಿದ್ದರೂ ಹೀಗೇ ಆಗುತ್ತದೆ. ಕಮೋಡಿನ ಆಕಾರವೇ ಆ ನೀರಿಗೆ ಹೊಂದುವುದಿಲ್ಲ, ಅದಕ್ಕೆ ರಿಪೇರಿ ಇಲ್ಲ. ಅಂಚಿನ ಕೆಳಗಿನ ತೂತುಗಳನ್ನು ಕನ್ನಡಿ ಹಿಡಿದು ನೋಡಿ, ಸವಳು ಕಟ್ಟಿದ್ದರೆ ಬಿಡಿಸಿ.

ದಾರಿ ಕಟ್ಟಿದ್ದರೆ ರಬ್ಬರ್ ಪಂಪಿನಿಂದ ಹತ್ತಿಪ್ಪತ್ತು ಸಲ ಒತ್ತಿ ಎಳೆಯಿರಿ. ಬಗ್ಗದಿದ್ದರೆ, ಅಥವಾ ಫ್ಲಶ್ ಮಾಡಿದಾಗ ನಹಣಿ ಟ್ರ್ಯಾಪಿನಲ್ಲಿ ಗುಳುಗುಳು ಸದ್ದಾಗಿ ನೀರು ಮೇಲೆ ಬಂದರೆ ಮುಂದಿನ ಪೈಪೋ ಸೆಪ್ಟಿಕ್ ಟ್ಯಾಂಕೋ ತುಂಬಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸೆಪ್ಟಿಕ್ ಟ್ಯಾಂಕಿಗೆ ನೀವೂ ಇಳಿಯಬೇಡಿ, ದುಡ್ಡು ಕೊಟ್ಟು ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. 2013ರ ಕಾಯ್ದೆ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಹಾಗೆ ಇಳಿಸೋದು ಅಪರಾಧ. ಹೀರುವ ಯಂತ್ರದ ಗಾಡಿಯನ್ನೇ ಕರೆಸಿ.

ನೆಲ ಯಾವಾಗಲೂ ಒದ್ದೆ

ಎಲ್ಲ ಒರೆಸಿ ಒಣಗಿಸಿ. ಹಳೆ ಪೇಪರ್ ಹಾಸಿ. ಆಮೇಲೆ ಒಂದೊಂದೇ ಕೆಲಸ ಮಾಡಿ ನೋಡಿ. ಏನೂ ಮಾಡದಿದ್ದರೂ ಪೇಪರ್ ನೆಂದರೆ ಆಂಗಲ್ ಕಾಕ್ ಅಥವಾ ಕನೆಕ್ಷನ್ ಪೈಪ್. ಕೈ ತೊಳೆದಾಗ ಮಾತ್ರ ನೆಂದರೆ ಬೇಸಿನ್ ಅಂಚಿನಿಂದ ಸಿಡಿದ ನೀರು. ಫ್ಲಶ್ ಮಾಡಿದಾಗ ಮಾತ್ರ ನೆಂದರೆ ಟ್ಯಾಂಕ್ ಕಮೋಡಿಗೆ ಕೂರುವಲ್ಲಿನ ರಬ್ಬರ್ ಗ್ಯಾಸ್ಕೆಟ್, ಅಥವಾ ಕಮೋಡ್ ಬುಡ.

ಗ್ಯಾಸ್ಕೆಟ್ ಸೋರಿಕೆಗೆ ಮನೆಯ ಹಿರಿಯರು ಏಳುವಾಗ ಬೇಸಿನ್ ಹಿಡಿದು ಭಾರ ಹಾಕೋದು ದೊಡ್ಡ ಕಾರಣ. ಟ್ಯಾಂಕ್ ಸ್ವಲ್ಪ ಸ್ವಲ್ಪವೇ ಅಲುಗಿ ಬೋಲ್ಟ್ ಸಡಿಲ ಆಗುತ್ತದೆ. ನಮ್ಮ ತಾಯಿಗೆ ಇದೇ ಅಭ್ಯಾಸವಿತ್ತು. ಬೇಡ ಎಂದು ಹೇಳೋದರಿಂದ ಪ್ರಯೋಜನವಿಲ್ಲ, ಅವರಿಗೆ ಆಸರೆ ಬೇಕೇ ಬೇಕು. ಪಕ್ಕದ ಗೋಡೆಗೆ ಸ್ಟೀಲ್ ಹಿಡಿ ಹಾಕಿಸಿ. ಬೋಲ್ಟುಗಳನ್ನು ಎರಡೂ ಕಡೆ ಕಾಲು ಸುತ್ತು, ಕಾಲು ಸುತ್ತು ಸಮನಾಗಿ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಪಿಂಗಾಣಿ ಸೀಳುತ್ತದೆ.

ಬುಡದಿಂದ ಬರುತ್ತಿದ್ದರೆ ಅದು ಹೊಲಸು ನೀರು. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸುತ್ತ ಬಿಳಿ ಸಿಮೆಂಟ್ ಹಚ್ಚಿ ಮುಚ್ಚಿದರೆ ನೀರು ನೆಲದೊಳಗೆ ಹೋಗುತ್ತದೆ, ಕೆಳಗಿನ ಮನೆಯ ಛತ್ತು ತೊಟ್ಟಿಕ್ಕುತ್ತದೆ. ಕಮೋಡ್ ಎತ್ತಿ ಕೂರಿಸುವವರನ್ನು ಕರೆಯಿರಿ. ಕಮೋಡಿನಲ್ಲೇ ಬಿರುಕು ಕಂಡರೆ ಅದರ ಮೇಲೆ ಯಾರೂ ಕೂರಬಾರದು, ಮುರಿದ ಪಿಂಗಾಣಿ ಚಾಕುವಿನಂತೆ ಕೊಯ್ಯುತ್ತದೆ.

ಬೇಸಿನ್ ಪಕ್ಕದಲ್ಲಿದ್ದು, ನೀರು ಮಾತ್ರ ಟ್ಯಾಂಕಿಗೆ ಬರುವಂಥದ್ದಾದರೆ

ಇದರಲ್ಲಿ ಸಾಮಾನ್ಯ ನಳ ಇರುತ್ತದೆ, ಯಾವಾಗ ಬೇಕಾದರೂ ಕೈ ತೊಳೆಯಬಹುದು. ಬೇಸಿನ್ನಿಗೂ ಟ್ಯಾಂಕಿಗೂ ನಡುವೆ ಫಿಲ್ಟರ್ ಇರುತ್ತದೆ, ವಾರಕ್ಕೊಮ್ಮೆ ತೊಳೆಯಿರಿ. ಹೆಚ್ಚಾದ ನೀರು ಗಟಾರಕ್ಕೆ ಹೋಗುವ ಪೈಪಿಗೆ ಟ್ರ್ಯಾಪ್ ಇಲ್ಲದಿದ್ದರೆ ಬೇಸಿನ್ನಿನಲ್ಲೇ ಗಟಾರದ ವಾಸನೆ ಬರುತ್ತದೆ. ಪಂಪ್, ಸೆನ್ಸರ್ ಇರುವ ಮಾದರಿಯಲ್ಲಿ ನಳ ಮುಟ್ಟಿದಾಗ ಜುಮ್ ಅನ್ನಿಸಿದರೆ ಮತ್ತೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಶಿಯನ್ ಕರೆಯಿರಿ. ಗೀಸರ್‌ನಿಂದಲೂ ಹೀಗೆ ಕರೆಂಟ್ ಇಳಿಯಬಹುದು, ಅದನ್ನೂ ನೋಡಲು ಹೇಳಿ.

ಇನ್ನೊಂದು ವಿಷಯ, ಟ್ಯಾಂಕನ್ನು ಗೋಡೆಯೊಳಗೆ ಹೂತು ಟೈಲ್ಸ್ ಹಾಕಿಸುವವರಿಗೆ. ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆ, ನೆಲದಡಿ ಹರಿಯುವ ನೀರಿನ ಸುರಂಗ. ಅದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಬಾಯಿ ಬಿಟ್ಟಿದ್ದಾರೆ, ಗಾಳಿಗೆ, ಇಳಿದು ಹೂಳು ತೆಗೆಯಲು. ನಿಮ್ಮ ಟ್ಯಾಂಕಿಗೂ ಒಂದು ಬಾಗಿಲು ಬಿಡಿಸಿ. ಮೇಲಿನ ಬೇಸಿನ್ ಸುತ್ತ ಸಿಲಿಕೋನ್ ಹಚ್ಚಿ ಅಂಟಿಸಲು ಬಿಡಬೇಡಿ.

ಪ್ಲಂಬರ್ ಕರೆಯುವಾಗ

"ಕಮೋಡ್ ಸೋರ್ತಿದೆ" ಎಂದಷ್ಟೇ ಹೇಳಿದರೆ ಅವರು ಇಡೀ ಸೆಟ್ ತಂದು ನಿಲ್ಲುತ್ತಾರೆ. ನಳ ಒಂದೇ ಸಮನೆ ಹರಿಯುತ್ತದಾ, ಆಗಾಗ ಹರಿಯುತ್ತದಾ, ನೀರು ಓವರ್‌ಫ್ಲೋ ಬಾಯಿಗೆ ಮುಟ್ಟಿದೆಯಾ, ನೀಲಿ ಹಾಕಿದಾಗ ಕಮೋಡಿನಲ್ಲಿ ಬಣ್ಣ ಬಂತಾ, ಬಾಟಲಿ ಎಷ್ಟು ಸೆಕೆಂಡಿಗೆ ತುಂಬಿತು, ಇಷ್ಟನ್ನು ಹೇಳಿ. ಟ್ಯಾಂಕ್ ಒಳಗಿನ ಫೋಟೋ ತೆಗೆದು ಕಳಿಸಿ. ತೆಗೆದ ಹಳೆಯ ಭಾಗವನ್ನು ಬಿಟ್ಟು ಹೋಗಲು ಹೇಳಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಅಳತೆಗೆ ಅದೇ ಬೇಕಾಗುತ್ತದೆ.